ಮೊದಲು ವರ್ಗಮೂಲ ತೆಗೆ

ತೊಂಬತ್ತೆಂಟರ ಪುಣೆಯಲ್ಲಿ ದೂರದಿಂದಲೇ ಕಾಣುತ್ತಿದ್ದುದು ಎರಡೇ: ಪರ್ವತಿ ಗುಡ್ಡ ಮತ್ತು ನನ್ನ ಕೀರ್ತಿ. ಕಾತ್ರಜದಲ್ಲಿ ನಮ್ಮ ತಾರಸಿಯ ತಗಡಿನ ಶೆಡ್ಡಿನಲ್ಲಿ ಹತ್ತನೆಯ, ಹನ್ನೆರಡನೆಯ ತರಗತಿಯವರಿಗೆ ಗಣಿತ, ವಿಜ್ಞಾನದ ಟ್ಯೂಷನ್ ಹೇಳುತ್ತಿದ್ದೆ. ನಾನು ಸಮೀಕರಣ ಬಿಡಿಸತೊಡಗಿದರೆ ಸಾತಾರಾಕ್ಕೆ ಹೊರಟ ಬಸ್ಸುಗಳು ನಿಂತು ಕೇಳಿಕೊಂಡು ಹೋಗುತ್ತಿದ್ದವು. ಶೆಡ್ಡಿನಲ್ಲಿ ಮುನ್ನೂರು ಮಕ್ಕಳು. ನನ್ನ ಹೆಂಡತಿ ಬಸವಣ್ಣೆವ್ವ ಇಪ್ಪತ್ತೆರಡು ಎನ್ನುತ್ತಾಳೆ. ಅವಳಿಗೆ ಗಣಿತ ಬರುವುದಿಲ್ಲ.

ಕಲಿಸುತ್ತಿದ್ದುದು ಮರಾಠಿಯಲ್ಲಿ. ವರ್ಗಮೂಲದ ಲೆಕ್ಕ ಬಂತೆಂದರೆ ಇಡೀ ಶೆಡ್ಡು ಕಿಲಕಿಲ ನಗುತ್ತಿತ್ತು. ಒಣ ಗಣಿತದಿಂದ ಇಷ್ಟು ರಸ ಹಿಂಡಬಲ್ಲವನು ಭೂಮಂಡಲದಲ್ಲಿ ನಾನೊಬ್ಬನೇ ಎಂದು ಮೂರು ವರ್ಷ ಬೀಗಿದೆ.

ನಗದವಳು ದೀಪಾಲಿ ಒಬ್ಬಳೇ. ಮಾರ್ಚಿನಲ್ಲಿ ಹತ್ತನೆಯ ಗಣಿತದಲ್ಲಿ ಫೇಲಾಗಿದ್ದಳು. ಅಕ್ಟೋಬರಿನ ಮರುಪರೀಕ್ಷೆಯಲ್ಲೂ ಫೇಲಾದರೆ ಓದು ಬಿಡಿಸಿ ತಳೇಗಾಂವದ ಅತ್ತೆಯ ಹಪ್ಪಳದ ಉದ್ಯೋಗಕ್ಕೆ ಹಚ್ಚುವುದೆಂದು ಅವಳ ಅಜ್ಜಿ ಇಂದೂಬಾಯಿ ಸಾರಿದ್ದರು. ಬೇಸಿಗೆಯಿಡೀ ಅಲ್ಲಿ ಹಪ್ಪಳ ಒಣಹಾಕಿ ಬಂದಿದ್ದ ಹುಡುಗಿ ಹಪ್ಪಳದ ಹೆಸರೆತ್ತಿದರೆ ಬೆವರುತ್ತಿದ್ದಳು. ಅಜ್ಜಿ ದಿನಾ ಶೆಡ್ಡಿನ ಹೊರಗೆ ಮೆಂತ್ಯಸೊಪ್ಪು ಸೋಸುತ್ತ ಕಾವಲು ಕೂರುತ್ತಿದ್ದರು.

ಪರೀಕ್ಷೆಗೆ ಎಂಟೇ ದಿನ ಇತ್ತು. ದೀಪಾಲಿ ನಲವತ್ತೊಂಬತ್ತರ ವರ್ಗಮೂಲ ಇಪ್ಪತ್ನಾಲ್ಕೂವರೆ ಎಂದು ಬರೆದು ಕೂತಿದ್ದಳು. ಅರ್ಧ ಮಾಡಿದರೆ ಆಯಿತು ಎಂಬುದು ಅವಳ ನಂಬಿಕೆ. ಸಿಂಹಗಡದ ಕಲ್ಲು ಉರುಳುವಂತೆ ಗುಡುಗಿದೆ:

"ಆಧೀ ವರ್ಗಮೂಲ ಕಾಢ! ಕಾಢ ಬಾಹೇರ!"

ಮೊದಲು ವರ್ಗಮೂಲ ತೆಗೆ, ಹೊರಗೆ ತೆಗೆ ಎಂದದ್ದು, ಅಷ್ಟೇ. ಅಜ್ಜಿ ಸೊಪ್ಪು ಚೆಲ್ಲಿ ಒಳನುಗ್ಗಿದರು. ಮೊಮ್ಮಗಳ ರಟ್ಟೆ ಹಿಡಿದು ಮೆಟ್ಟಿಲಿಳಿದೇ ಬಿಟ್ಟರು. ಕೆಳಗಿನಿಂದ ಬಸವಣ್ಣೆವ್ವ ಕೂಗಿದಳು:

"ಮೂಳ ರೀ, ಮೂಳ!"

"ಹುಡುಗರ ಮುಂದ ಗಂಡಗ ಮೂಳ ಅಂತೀಯೇನ?"

"ನಿಮಗಲ್ರೀ! ಮರಾಠಿಯೊಳಗ ವರ್ಗಮೂಳ ಅನ್ನಬೇಕು. ಅವರಿಗೆ ವರ್ಗ ಅಂದ್ರ ಕ್ಲಾಸು, ಮೂಲ ಅಂದ್ರ ಕೂಸು. ಕ್ಲಾಸಿನ ಕೂಸಿನ್ನ ಮೊದಲ ಹೊರಗ ಹಾಕು ಅಂತ ಒದರೀರಿ!"

ಮೂರು ವರ್ಷದ ಕಿಲಕಿಲ ಒಮ್ಮೆಲೇ ಅರ್ಥವಾಯಿತು.

ಗಾಳಿಯನ್ನು ಹಿಂದೆ ಹಾಕಿ ಓಡಿದೆ. ಅಜ್ಜಿ ಬಸ್‌ಸ್ಟಾಪಿನಲ್ಲಿದ್ದರು. ಅವರ ಮರಾಠಿಯನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ, ಖಾರ ತುಸು ಕಡಿಮೆಯಾದೀತು.

"ಮಾಸ್ತರಾ, ಹುಡುಗಿ ಬ್ಯಾಡಾದ್ರ ನನ್ನ ಕಿವ್ಯಾಗ ಹೇಳಬೇಕಿತ್ತು. ಊರಿಗೆಲ್ಲಾ ಕೇಳೂಹಂಗ ಒದರೂದೇನು? ನಡಿ ದೀಪೂ, ತಳೇಗಾಂವಕ್ಕ."

ದೀಪಾಲಿಯ ಕಣ್ಣು ತುಂಬಿತು.

"ಆಜೀ, ಕೂಸಲ್ರಿ, ಲೆಕ್ಕ!" ಎಂದು ಏದುಸಿರು ಬಿಟ್ಟೆ. "ನಲವತ್ತೊಂಬತ್ತು ಹಪ್ಪಳ ಒಣಹಾಕ್ತೀರಿ ಅನ್ರಿ. ನಾಲ್ಕೂ ಕಡೆ ಸಮ, ಚೌಕ ಆಗಬೇಕು. ಒಂದು ಸಾಲಿಗೆ ಎಷ್ಟು?"

ಅಜ್ಜಿ ಬಾಯಿ ತೆಗೆಯುವ ಮೊದಲೇ ದೀಪಾಲಿ ಅಂದಳು: "ಏಳು."

"ಅರವತ್ನಾಲ್ಕು ಇದ್ರ?"

"ಎಂಟು. ನೂರಾ ನಲವತ್ನಾಲ್ಕಕ್ಕ ಹನ್ನೆರಡು." ಕಣ್ಣೊರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು. "ವರ್ಗಮೂಳ ಅಂದ್ರ ಇಷ್ಟೇನಾ, ಸರ್? ನಾಲ್ಕು ತಿಂಗಳಿಂದ ಯಾಕ ಹೇಳಲಿಲ್ಲ?"

"ಇದು ನನಗೂ ಬರತದ," ಎಂದರು ಅಜ್ಜಿ. "ಇದಕ್ಕ ಇವಗ ಫೀ ಬ್ಯಾರೆ!"

ಬಸ್ಸು ಬಂತು, ಹೋಯಿತು. ಅಜ್ಜಿ ಹತ್ತಲಿಲ್ಲ. ಉಳಿದ ಎಂಟು ದಿನ ಸೊಪ್ಪಿನ ಬುಟ್ಟಿಯೊಡನೆ ಶೆಡ್ಡಿನ ಒಳಗೇ, ಮೊದಲ ಸಾಲಿನಲ್ಲಿ ಕೂತರು. ನಾನು 'ಲ' ಎಂದಾಗಲೆಲ್ಲ ಮೆಂತ್ಯದ ದಂಟು ಎಸೆದರು.

ದೀಪಾಲಿ ಪಾಸಾದಳು, ತಳೇಗಾಂವ ತಪ್ಪಿತು. ನೂರೈವತ್ತಕ್ಕೆ ನೂರ ನಲವತ್ತೊಂಬತ್ತು ಅಂಕ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜವಾದ ಅಂಕ ಅವಳಿಗೂ ಬೋರ್ಡಿಗೂ ಗೊತ್ತು, ನಿಮಗೇಕೆ?

ಈಗ ನಾನು ಸ್ಪಷ್ಟವಾಗಿ 'ಮೂಳ' ಎನ್ನುತ್ತೇನೆ. ಶೆಡ್ಡಿನಲ್ಲಿ ಯಾರೂ ನಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ, ಅಜ್ಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೇಕೆಂದೇ ತಪ್ಪು ಹೇಳುತ್ತೇನೆ.