ಜೇಬಿನಲ್ಲಿ ಏನೂ ಇರಲಿಲ್ಲ

ನಮ್ಮ ಅಪ್ಪನಷ್ಟು ಪ್ರಾಮಾಣಿಕ ಮನುಷ್ಯ ಈ ಬೀದಿಯಲ್ಲಿ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಅವರ ಬಟ್ಟೆಗಳನ್ನು ಒಗೆದುಕೊಟ್ಟಿದ್ದಾನೆ ಅಷ್ಟೇ, ಅವರನ್ನೇನೂ ಸಾಕಿಲ್ಲ.

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಮುಂದೆ ಕೌಂಟರು, ಅದರ ಹಿಂದೆ ಪ್ಲಾಸ್ಟಿಕ್ ಹೊದ್ದ ಕೋಟುಗಳ ಸಾಲು, ಆಮೇಲೆ ಎರಡು ಮೆಷೀನು, ಕಲೆ ತೆಗೆಯುವ ಮೇಜು, ತೀರಾ ಹಿಂದೆ ಕಿಟಕಿಯ ಪಕ್ಕ ಉಗಿ ಇಸ್ತ್ರಿ ಮಾಡುವ ಹಲಗೆ. ಮಹಡಿಯ ಮೇಲೆ ಮನೆ. ಹದಿನಾರನೇ ವಯಸ್ಸಿಗೆ ನನ್ನನ್ನು ಆ ಹಲಗೆಯ ಮುಂದೆ ನಿಲ್ಲಿಸಿದರು. ಹತ್ತು ವರ್ಷ ಯಾರೂ ಕೂತುಕೋ ಎನ್ನಲಿಲ್ಲ.

ಬಟ್ಟೆ ಮೆಷೀನಿಗೆ ಹೋಗುವ ಮುಂಚೆ ಜೇಬು ನೋಡುವ ಕೆಲಸ ಮಾತ್ರ ಅಪ್ಪನದು. ಬೇರೆ ಯಾರೂ ಕೈ ಹಾಕುವಂತಿಲ್ಲ. ಸಿಕ್ಕಿದ್ದೆಲ್ಲ, ಅದು ಬಸ್ ಟಿಕೆಟ್ಟಾಗಲಿ, ಕಿತ್ತುಬಂದ ಗುಂಡಿಯಾಗಲಿ, ಪಕ್ಕದ ಬೀದಿಯವಳು ಬರೆದ ಪ್ರೇಮಪತ್ರವಾಗಲಿ, ಒಂದು ಕಂದು ಕವರಿನೊಳಗೆ ಹೋಗುತ್ತದೆ. ಮೇಲೆ ದಿನಾಂಕ, ಬಟ್ಟೆಯ ನಂಬರು, ಒಳಗೆ ಏನಿದೆ, ಯಾರದ್ದು ಎಂದು ಅಪ್ಪನ ಗುಂಡು ಅಕ್ಷರ. ಬಟ್ಟೆಯ ಜೊತೆ ವಾಪಸ್ ಹೋಗದಿದ್ದರೆ ಕೌಂಟರಿನ ಕೆಳಗಿನ ಡ್ರಾಯರಿಗೆ. ಒಂದು ಸಲ ಒಂದೇ ಒಂದು ತಲೆಪಿನ್ನು ಹಿಂದಿರುಗಿಸಲು ಯಾರದೋ ನಾಲ್ಕು ಮಹಡಿ ಹತ್ತಿ ಹೋಗಿದ್ದ. ಆ ಹೆಂಗಸು ಇವನನ್ನು ಹುಚ್ಚ ಅಂದುಕೊಂಡು ಬಾಗಿಲು ಹಾಕಿಕೊಂಡಳಂತೆ. ‘ಜೇಬಲ್ಲಿ ಏನೂ ಇರಲಿಲ್ಲ’ ಎಂದು ಅಪ್ಪ ಹೇಳಿದರೆ ಗಿರಾಕಿಗಳು ಎರಡನೇ ಮಾತು ಕೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಅಪ್ಪನ ಅಕ್ಕ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅತ್ತೆ ಹತ್ತು ದಿನದ ಮಟ್ಟಿಗೆ ಅಂತ ಬಂದರು, ಆ ಹತ್ತು ದಿನ ಇನ್ನೂ ಮುಗಿದಿಲ್ಲ. ಅವರಿಗೆ ನಾನಿಟ್ಟ ಹೆಸರು ಹೈಕೋರ್ಟು. ಯಾವ ಶಾಲೆ, ಯಾವ ಚಪ್ಪಲಿ, ಕೂದಲು ಎಷ್ಟುದ್ದ, ಯಾರ ಜೊತೆ ಮಾತು, ಎಲ್ಲ ತೀರ್ಪೂ ಅಲ್ಲಿಂದಲೇ. ಅಪ್ಪ ಸೀಲು ಹಾಕುವ ಗುಮಾಸ್ತ.

ಇಸ್ತ್ರಿ ಹಲಗೆಯ ಕಿಟಕಿಯಿಂದ ಹಿಂದಿನ ಬೀದಿಯ ಖಾಲಿ ಜಾಗ ಕಾಣುತ್ತಿತ್ತು. ಅಲ್ಲಿ ಎರಡು ವರ್ಷ ಒಂದು ಕಟ್ಟಡ ಎದ್ದಿತು, ಅದರ ನೆತ್ತಿಯ ಮೇಲೆ ಒಂದು ಕ್ರೇನು. ಕ್ರೇನಿನ ಮೇಲೆ ಗಾಜಿನ ಪುಟ್ಟ ಕ್ಯಾಬಿನ್ನು, ಅದರೊಳಗೆ ಒಬ್ಬನೇ ಮನುಷ್ಯ. ಅವನು ಒಂದು ಲಾರಿ ತೂಕದ ಕಬ್ಬಿಣವನ್ನು ಎತ್ತಿ, ಬೀದಿಯ ಮೇಲೆ ತೇಲಿಸಿ, ಒಂದು ಗೇಣಿನ ಸಂದಿಯೊಳಗೆ ಇಳಿಸುತ್ತಿದ್ದ. ನಾನು ನೋಡಿದ್ದು ಅದನ್ನಲ್ಲ. ಅವನ ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ. ನನ್ನ ಬೆನ್ನ ಹಿಂದೆ ದಿನವಿಡೀ ಅತ್ತೆ ನಿಂತಿರುತ್ತಿದ್ದರು: ‘ಕಾಲರ್ ಮೊದ್ಲು ಕಣೇ. ತೋಳು ಆಮೇಲೆ. ಎಷ್ಟು ಸಲ ಹೇಳ್ಬೇಕು?’

ನಾನು ಯಾರಿಗೂ ಹೇಳದೆ ಕ್ರೇನ್ ತರಬೇತಿಗೆ ಅರ್ಜಿ ಹಾಕಿದೆ. ಬರೆಯುವ ಪರೀಕ್ಷೆ ಪಾಸಾಯಿತು, ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಪಾಸಾಯಿತು. ವೈದ್ಯರು ಕಣ್ಣು, ಕಿವಿ, ಎದೆ ಎಲ್ಲ ನೋಡಿ ಚೀಟಿ ಕೊಟ್ಟರು. ಆಮೇಲೆ ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದೆ.

‘ಹೆಣ್ಣುಹುಡುಗಿ ಅಷ್ಟು ಎತ್ತರ ಹತ್ತಿ ಏನನ್ನ ನೋಡ್ಬೇಕಂತೆ?’ ಎಂದರು ಅತ್ತೆ.

‘ನೋಡೋಕಲ್ಲ ಅತ್ತೆ. ನಿಮ್ಮನ್ನ ನೋಡದೇ ಇರೋಕೆ.’

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೈಯಲೂ ಇಲ್ಲ. ನಾನು ಗೆದ್ದೆ ಅಂದುಕೊಂಡೆ, ಅಷ್ಟು ಪೆದ್ದಿ ನಾನು.

ಮುಂದಿನ ವಾರ ಅಂಗಡಿಗೆ ಒಂದು ಬೋರ್ಡು ಬಂತು. ಊರಿನ ಆಚೆ ತುದಿಯಲ್ಲಿ ಎರಡನೇ ಅಂಗಡಿ ತೆರೆಯುತ್ತಾರಂತೆ, ಅದರ ಬೋರ್ಡು. ಒಂದೊಂದು ಅಕ್ಷರ ಒಂದೊಂದು ಅಡಿ, ಬರೆದದ್ದು ನನ್ನ ಹೆಸರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ. ಇವರು ಇಪ್ಪತ್ತಾರು ವರ್ಷದ ಕೂಸಿಗೆ ಹೊಲಿಸಿಟ್ಟಿದ್ದರು.

‘ನೋಡು, ನಿನ್ನ ಹೆಸರೇ ಹಾಕ್ಸಿದೀವಿ. ಅಲ್ಲಿಗೆ ನೀನೇ ಯಜಮಾನಿ’ ಎಂದರು ಅತ್ತೆ.

‘ಯಜಮಾನಿನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?’

‘ಒಳ್ಳೇದು ಮಾಡೋಕೆ ಕೇಳೋದೇನು?’

ಅಪ್ಪ ಬೋರ್ಡಿನ ಮೇಲಿನ ಧೂಳನ್ನು ತೋಳಿನಿಂದ ಒರೆಸುತ್ತಿದ್ದ.

ತರಬೇತಿಯವರ ಪತ್ರ ಬಂದದ್ದು ಅದಾಗಿ ಎರಡು ದಿನಕ್ಕೆ. ಹನ್ನೆರಡು ಸೀಟಿನಲ್ಲಿ ಒಂದು ನನ್ನದು. ಬುಧವಾರ ಮಧ್ಯಾಹ್ನ ಹನ್ನೆರಡರ ಒಳಗೆ ಈ ಪತ್ರದ ಮತ್ತು ವೈದ್ಯರ ಚೀಟಿಯ ಮೂಲಪ್ರತಿ ತಂದು ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಪಟ್ಟಿಯ ಮುಂದಿನವರಿಗೆ. ಆ ಮನೆಯಲ್ಲಿ ಅತ್ತೆಯ ಕೈ ಹೋಗದ ಡ್ರಾಯರು ಒಂದೂ ಇಲ್ಲ. ಹಾಗಾಗಿ ಎರಡನ್ನೂ ಮಡಿಸಿ ನನ್ನ ನೀಲಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡೆ.

ಶನಿವಾರ ಕೊನೆಯ ಸರದಿ ಮನೆಯವರ ಬಟ್ಟೆಯದು. ನಾನು ಹಿಂದೆ ಪರದೆಗಳ ರಾಶಿಗೆ ಇಸ್ತ್ರಿ ಮಾಡುತ್ತಿದ್ದೆ. ಮುಗಿಸಿ ಮೇಲೆ ಹೋದರೆ ಮೊಳೆಯ ಮೇಲೆ ಕೋಟಿಲ್ಲ. ‘ಗಬ್ಬು ನಾರ್ತಿತ್ತು, ಹಾಕ್ದೆ’ ಎಂದರು ಅತ್ತೆ. ಮೆಟ್ಟಿಲು ಹಾರಿ ಕೆಳಗೆ ಓಡಿದೆ. ಕೋಟು ಒಗೆದು ತಂತಿಗೆ ನೇತುಹಾಕಿ ಆಗಿತ್ತು.

‘ಅಪ್ಪಾ, ನನ್ನ ನೀಲಿ ಕೋಟಿನ ಜೇಬಲ್ಲಿ ಕಾಗದ ಇತ್ತಲ್ಲ?’

‘ಜೇಬಲ್ಲಿ ಏನೂ ಇರಲಿಲ್ಲ’ ಎಂದ ಅಪ್ಪ.

ನಂಬಿದೆ. ನನ್ನ ತಲೆಯ ಮೇಲೆ ನಾನೇ ಹೊಡೆದುಕೊಂಡೆ. ಎಲ್ಲೋ ಬೀಳಿಸಿಕೊಂಡೆ, ಬಸ್ಸಿನಲ್ಲೋ, ಬೀದಿಯಲ್ಲೋ. ಹಾಸಿಗೆ ಬಿಚ್ಚಿ ನೋಡಿದೆ. ಕಸದ ಬುಟ್ಟಿ ಸುರಿದು ನೋಡಿದೆ. ಭಾನುವಾರ ಮೆಷೀನಿನ ಜಾಲರಿ ಬಿಚ್ಚಿ, ಅದರಲ್ಲಿ ಕೂತ ನೂಲಿನ ಜುಂಗನ್ನು ಚೂರುಚೂರಾಗಿ ಹರವಿ ಕಾಗದದ ಎಳೆ ಹುಡುಕಿದೆ. ಅಪ್ಪ ನನ್ನ ಪಕ್ಕದಲ್ಲೇ ಮಂಡಿಯೂರಿ ಕೂತು ಟಾರ್ಚು ಹಿಡಿದಿದ್ದ. ‘ಇನ್ನೊಂಚೂರು ಈ ಕಡೆ ನೋಡು’ ಎಂದೂ ಹೇಳಿದ. ಸೋಮವಾರ ತರಬೇತಿ ಆಫೀಸಿಗೆ ಫೋನ್ ಮಾಡಿದೆ. ಮೂಲಪ್ರತಿ ಇಲ್ಲದೆ ಆಗುವುದಿಲ್ಲ, ವೈದ್ಯರ ಚೀಟಿ ಹೊಸದಾಗಿ ಮಾಡಿಸಲು ಹತ್ತು ದಿನ ಬೇಕು ಎಂದರು. ಮಂಗಳವಾರ ನಾನು ಅಳುವುದನ್ನು ಬಿಟ್ಟು ಬೇರೆ ಏನೂ ಮಾಡಲಿಲ್ಲ. ಅತ್ತೆ ತಲೆ ಸವರಿದರು. ‘ಹೋಗ್ಲಿ ಬಿಡು, ಹಣೇಲಿ ಬರೆದಿರ್ಲಿಲ್ಲ’ ಎಂದರು. ಆ ಕೈಯನ್ನು ನಾನು ಹಿಡಿದುಕೊಂಡಿದ್ದೆ ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ನಿವೃತ್ತ ಟೀಚರು ಅಂಗಡಿಗೆ ಬಂದರು. ಹೋದ ತಿಂಗಳು ಕೊಟ್ಟ ಕೋಟಿನಲ್ಲಿ ಒಂದು ಕೈಗವಸು ಉಳಿದಿತ್ತೋ ಏನೋ ಎಂದು ಕೇಳಲು. ಅಪ್ಪ ಹಿಂದೆ ಮೆಷೀನಿಗೆ ಬಟ್ಟೆ ತುಂಬುತ್ತಿದ್ದ. ನಾನೇ ಡ್ರಾಯರು ಎಳೆದೆ. ಕವರುಗಳು ದಿನಾಂಕದ ಪ್ರಕಾರ ನಿಂತಿದ್ದವು. ಎಲ್ಲಕ್ಕಿಂತ ಮುಂದಿನದು ಶನಿವಾರದ್ದು. ಗುಂಡು ಅಕ್ಷರ. ‘ನೀಲಿ ಕೋಟು. ಪತ್ರ ಒಂದು. ವೈದ್ಯರ ಚೀಟಿ ಒಂದು.’ ಯಾರದ್ದು ಎನ್ನುವ ಜಾಗದಲ್ಲಿ, ‘ಮಗಳು.’

ನನ್ನ ಪತ್ರವನ್ನು ಕದ್ದ, ಕದ್ದದ್ದಕ್ಕೆ ಚೀಟಿ ಬರೆದ, ಚೀಟಿ ಬರೆದು ದಿನಾಂಕದ ಸಾಲಿನಲ್ಲಿ ನಿಲ್ಲಿಸಿದ! ಬೇರೆ ಯಾವ ಅಪ್ಪನಾದರೂ ಹರಿದು ಒಲೆಗೆ ಹಾಕುತ್ತಿದ್ದ. ಇವನಿಗೆ ಮಗಳಿಗೆ ಸುಳ್ಳು ಹೇಳಲು ಬಂತು, ಜೇಬಿನ ವಸ್ತುವನ್ನು ಬಿಸಾಡಲು ಕೈ ಬರಲಿಲ್ಲ. ನನಗೆ ನಗು ಬಂತು. ಆ ನಗುವಿನ ಸದ್ದಿಗೆ ಟೀಚರು ಒಂದು ಹೆಜ್ಜೆ ಹಿಂದೆ ಸರಿದರು.

‘ಅಪ್ಪಾ!’

ಅಪ್ಪ ಬಂದ. ಕವರು ನೋಡಿದ. ‘ಗಿರಾಕಿ ಮುಂದೆ ಬೇಡ’ ಎಂದ. ಅವನ ಮೊದಲ ಮಾತು ಅದು.

‘ಗಿರಾಕಿ ಮುಂದೇನೇ ಬೇಕು. ಬೇಲಿನೇ ಎದ್ದು ಹೊಲ ಮೇಯ್ದಿದ್ದನ್ನ ಊರೆಲ್ಲ ನೋಡ್ಲಿ. ಟಾರ್ಚ್ ಹಿಡ್ಕೊಂಡು ಹುಡುಕಿದ್ಯಲ್ಲಪ್ಪಾ! ನನ್ನ ಪಕ್ಕ ಕೂತು!’

‘ಬುಧವಾರ ಕಳೀಲಿ, ಆಮೇಲೆ ಕೊಡೋಣ ಅಂತಿದ್ದೆ.’

‘ಯಾತಕ್ಕೆ? ಕಟ್ಟು ಹಾಕ್ಸಿ ಗೋಡೆಗೆ ತೂಗು ಹಾಕೋಕಾ?’

ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬಂದರು. ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು ಅವರಿಗೆ. ಕೂಗಾಡಲಿಲ್ಲ. ಸ್ಟೂಲು ಎಳೆದರು. ‘ಬಾ, ಕೂತ್ಕೋ. ಸಮಾಧಾನವಾಗಿ ಮಾತಾಡೋಣ. ನಿನ್ನ ಮನಸ್ಸಲ್ಲಿ ಇರೋದೆಲ್ಲ ಹೇಳು, ನಾನು ಕೇಳ್ತೀನಿ.’

ನಾನು ಕೂರಲಿಲ್ಲ, ಆದರೆ ಮಾತಾಡಿದೆ. ಮೂಗಿನ ತುದಿಯಲ್ಲೇ ಕೋಪ ನನಗೆ, ಅದು ಅವರಿಗೆ ಚೆನ್ನಾಗಿ ಗೊತ್ತು. ಅವರು ಒಂದು ಅಂದರೆ ನಾನು ಹತ್ತು ಅಂದೆ. ಸಾಕಿದ್ದು ಯಾರು ಎಂದರು. ಸಾಕಿದ್ದೋ ಕಟ್ಟಿಹಾಕಿದ್ದೋ ಎಂದೆ. ನಿಮ್ಮಮ್ಮ ಇದ್ದಿದ್ದರೆ ಎಂದರು. ಅಮ್ಮನ ಹೆಸರೆತ್ತಬೇಡಿ ಎಂದು ಕಿರುಚಿದೆ. ಇವತ್ತು ಹನ್ನೆರಡರೊಳಗೆ ಆಫೀಸಿಗೆ ಮುಟ್ಟಬೇಕಾದ ಕಾಗದ ಮುಚ್ಚಿಟ್ಟಿದ್ದು, ಶಾಲೆ ಬಿಡಿಸಿದ್ದು, ಕೂದಲು ಕತ್ತರಿಸಿದ್ದು, ಹತ್ತು ವರ್ಷದ ಬಾಕಿಯನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದೆ. ಅತ್ತೆ ಪ್ರತಿಯೊಂದಕ್ಕೂ ನಿಧಾನವಾಗಿ, ಉದ್ದವಾಗಿ, ಮುದ್ದಾಗಿ ಉತ್ತರ ಕೊಡುತ್ತಾ ಹೋದರು.

‘ಏನಮ್ಮಾ’ ಎಂದರು ಟೀಚರು. ಅವರು ಅಲ್ಲೇ ಇದ್ದರು ಎನ್ನುವುದೇ ಮರೆತಿತ್ತು. ‘ಜಗಳ ಸಾಯಂಕಾಲದ ತನಕ ಇರುತ್ತೆ. ಆ ಆಫೀಸು ಇರುತ್ತಾ?’

ಗಡಿಯಾರ ನೋಡಿದೆ. ಹತ್ತೂವರೆ. ಅತ್ತೆಯ ಮುಖ ನೋಡಿದೆ. ಟೀಚರನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದರು. ಮಾತಾಡೋಣ ಅಂದದ್ದು ಯಾಕೆ ಎನ್ನುವುದು ಆಗ ತಿಳಿಯಿತು. ನನ್ನ ಕೋಪವನ್ನೇ ನನ್ನ ಕಾಲಿಗೆ ಕಟ್ಟಿ ಕೂರಿಸಿದ್ದರು, ಮಹಾತಾಯಿ.

ಕವರು ಹಿಡಿದು ಬಾಗಿಲಿಗೆ ನಡೆದೆ. ಬಾಯಿಗೆ ಬಂದಿದ್ದ ಇನ್ನೂ ಇಪ್ಪತ್ತು ಮಾತು ನುಂಗಿದೆ. ಅದೊಂದು ಮಾತ್ರ ನಿಜವಾಗಿ ಕಷ್ಟವಾಯಿತು.

‘ನಿಲ್ಲು’ ಎಂದ ಅಪ್ಪ. ಬಾಗಿಲ ಹತ್ತಿರ ಬಂದು ನಿಂತ. ಕೈಯಲ್ಲಿ ಇನ್ನೂ ಯಾರದೋ ಪ್ಯಾಂಟು ಇತ್ತು. ಮುಖ ಬಿಳಿಚಿಕೊಂಡಿತ್ತು. ‘ಹೋಗು. ಆಯ್ತು. ನಾನು ಒಪ್ಪಿದೀನಿ. ನಾನೇ ಕಳಿಸ್ತಿದೀನಿ ಅಂದ್ಕೋ.’

ಕ್ಷಮಿಸು ಎಂದಿದ್ದರೆ ನಾನು ಅಲ್ಲೇ ಕುಸಿದು ಅಳುತ್ತಿದ್ದೆನೇನೋ. ಆದರೆ ಅವನು ಕದ್ದ ವಸ್ತುವನ್ನು ನನಗೆ ಉಡುಗೊರೆ ಕೊಡುತ್ತಿದ್ದ.

‘ಒಪ್ಪಿಗೆ ಕೇಳಿದ್ಯಾರು?’ ಎಂದು ಅವನನ್ನು ಪಕ್ಕಕ್ಕೆ ಸರಿಸಿ ಬೀದಿಗಿಳಿದೆ.

ಎರಡು ಬಸ್ಸು ಬದಲಿಸಿ, ಕೊನೆಯ ಮೂರು ಬೀದಿ ಓಡಿ, ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಆಫೀಸಿನ ಕಿಟಕಿಗೆ ಕವರು ಕೊಟ್ಟೆ. ಗುಮಾಸ್ತೆ ಕಾಗದಗಳನ್ನು ತೆಗೆದುಕೊಂಡು ಕವರನ್ನು ಬುಟ್ಟಿಗೆ ಹಾಕಿದಳು. ‘ಇಲ್ಲಿ ಸಹಿ ಮಾಡಿ’ ಎಂದಳು. ಮಾಡಿದೆ. ಅಷ್ಟೇ. ಮರುದಿನ ಅಪ್ಪ ಅಂಗಡಿಯಲ್ಲಿದ್ದ ಹೊತ್ತು ನೋಡಿ ಎರಡು ಚೀಲ ತುಂಬಿಕೊಂಡು ತರಬೇತಿಯ ಹಾಸ್ಟೆಲಿಗೆ ಬಂದೆ.

ತಿಂಗಳು ಕಳೆಯುವುದರೊಳಗೆ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ‘ಏನೇ ಅದೃಷ್ಟ ನಿಂದು! ಇಂಥ ಅಪ್ಪ ಯಾರಿಗೆ ಸಿಗ್ತಾರೆ? ಮಗಳನ್ನ ಕ್ರೇನ್ ಕಲಿಯೋಕೆ ತಾವಾಗೇ ಸೇರ್ಸಿದ್ರಂತೆ. ನಿಮ್ಮತ್ತೆ ಎಲ್ಲಾರ ಮುಂದೆ ಹೇಳಿದ್ರು, ಮೊದ್ಲು ಹೊಳೆದಿದ್ದೇ ತಮ್ಗಂತೆ!’ ನಾನು ಫೋನನ್ನು ಗೋಡೆಗೆ ಎಸೆಯಲಿಲ್ಲ, ಏಕೆಂದರೆ ಅದು ಹಾಸ್ಟೆಲಿನದು.

ಈಗ ಒಂದು ಕಟ್ಟಡದ ಮೇಲೆ ನನಗೆ ಕೆಲಸ ಸಿಕ್ಕಿದೆ. ಕೆಳಗಿನಿಂದ ನೂರಾ ಎಂಬತ್ತು ಮೆಟ್ಟಿಲ ಏಣಿ. ಮೇಲೆ ಕ್ಯಾಬಿನ್ನು, ಎರಡು ಹಿಡಿ, ಒಂದು ವಾಕಿಟಾಕಿ. ಬೆನ್ನ ಹಿಂದೆ ಗಾಜು, ಗಾಜಿನ ಹಿಂದೆ ಗಾಳಿ.

ನಿನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗೇಟಿನ ವಾಚ್‌ಮನ್ ವಾಕಿಟಾಕಿಯಲ್ಲಿ ಕೂಗಿದ. ‘ಮೇಡಂ, ನಿಮ್ಮ ತಂದೆಯಂತೆ. ಊಟ ತಂದವ್ರೆ. ನಿಮ್ಮನ್ನ ಈ ಕೆಲ್ಸಕ್ಕೆ ಸೇರ್ಸಿದ್ದೇ ಅವ್ರಂತಲ್ಲ? ಒಳಗೆ ಬಿಡ್ಲಾ?’

ಕೆಳಗೆ ನೋಡಿದೆ. ಗೇಟಿನ ಹತ್ತಿರ ಬೂದು ಅಂಗಿಯ ಒಂದು ಚುಕ್ಕೆ. ಒಂದು ಭುಜ ಇಳಿಬಿಟ್ಟು ನಿಲ್ಲುವ ಆ ನಿಲುವು ಇಷ್ಟು ಎತ್ತರದಿಂದಲೂ ಗುರುತು ಸಿಕ್ಕಿತು. ಎಂಟು ತಿಂಗಳಾಗಿತ್ತು ನೋಡಿ. ಹಿಡಿಯಿಂದ ಕೈ ತೆಗೆದು ಗಾಜಿಗೆ ಹಣೆ ಒತ್ತಿ ನೋಡಿದೆ, ಸುಳ್ಳು ಯಾಕೆ ಹೇಳಲಿ.

‘ಸೇರಿಸಿದ್ದು ಅವರಲ್ಲ’ ಎಂದೆ. ‘ಅವರು ತಡೆದರು, ನಾನಾಗಿ ಬಂದೆ. ಅಷ್ಟನ್ನ ಅವರ ಬಾಯಿಂದ ಹೇಳಿಸಿ, ಆಮೇಲೆ ಒಳಗೆ ಬಿಡಿ.’

‘ಅಯ್ಯೋ ಮೇಡಂ, ಅದನ್ನ ನಾನು ಹೆಂಗೆ...’

‘ಕೇಳಿ ನೋಡಿ.’

ಆ ಚುಕ್ಕೆ ಅಲುಗಲಿಲ್ಲ. ಕೆಳಗೆ ಕಬ್ಬಿಣದ ಕಟ್ಟಿಗೆ ಕೊಕ್ಕೆ ಸಿಕ್ಕಿಸಿ, ಎತ್ತು ಎಂದು ಕೈಸನ್ನೆ ಮಾಡಿದರು. ಎತ್ತಿದೆ. ಇಳಿಸಿದೆ. ಇನ್ನೊಂದು ಎತ್ತಿದೆ.

‘ಮೇಡಂ’ ಎಂದ ವಾಚ್‌ಮನ್. ದನಿ ಸಣ್ಣದಾಗಿತ್ತು. ‘ಹೇಳಲ್ಲ ಅಂತಾರೆ. ಮಗಳಿಗೆ ನಾನಲ್ದೆ ಇನ್ಯಾರು ಮಾಡ್ಬೇಕು ಅಂತಾರೆ. ಹೋಗಿ ಅಂದ್ರೆ ಹೋಗ್ತಾನೂ ಇಲ್ಲ. ಬಿಸ್ಲಲ್ಲಿ ನಿಂತವ್ರೆ.’

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ವಂಶ ನಮ್ಮದು.

‘ನೆರಳಲ್ಲಿ ಒಂದು ಕುರ್ಚಿ ಹಾಕಿಕೊಡಿ’ ಎಂದೆ. ‘ಒಳಗೆ ಮಾತ್ರ ಬಿಡಬೇಡಿ.’

ಒಂದು ಗಂಟೆಗೆ ಊಟದ ಬೆಲ್ಲು ಹೊಡೆಯಿತು. ಕೆಳಗೆ ಎಲ್ಲರೂ ಕೆಲಸ ಬಿಟ್ಟು ಹೋದರು. ಕುರ್ಚಿ ಖಾಲಿಯೇ ಇತ್ತು, ಅವನು ಕೂತಿರಲಿಲ್ಲ. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ನಾನೂ ಇಳಿಯಲಿಲ್ಲ.