ಹೊಟ್ಟೆಯೊಳಗಿನ ಕೂಸಿಗೆ ಕಾವಲು

ಏಳು ತಿಂಗಳ ಬಸುರಿ ಸೊಸೆ ಶ್ವೇತಾಳಿಗೆ ನಾಯಿಕೆಮ್ಮಿನ ಚುಚ್ಚುಮದ್ದು ಹಾಕಿಸಲು ಬೆಂಗಳೂರಿನ ಬಿಟಿಎಮ್ ಬಡಾವಣೆಯ ಆಸ್ಪತ್ರೆಗೆ ಹೊರಟಿದ್ದೆ. ಕುಬಸದ, ಅಂದರೆ ಸೀಮಂತದ, ಕಾರ್ಯಕ್ಕೆ ಬಂದಿದ್ದ ಅವಳ ತಾಯಿ ದಾನಮ್ಮ ತಡೆದರು.

"ಬಸುರಿಗೆ ಸೂಜಿ ಬ್ಯಾಡ್ರಿ. ಹಡದ ಮ್ಯಾಲೆ ತವರಾಗ ಕೂಸಿಗೇ ಹಾಕಸ್ತೀವಿ."

"ಕೆಮ್ಮು ಅಲ್ಲೀತನಕ ನಿಮ್ಮ ದಾರಿ ಕಾಯ್ತೈತೇನ್ರಿ?" ಎಂದೆ.

ನನ್ನ ತಂಗಿ ಆ ಕೆಮ್ಮಿಗೆ ತೊಟ್ಟಿಲಲ್ಲೇ ನೀಲಿಗಟ್ಟಿ ಹೋದವಳು. ಕತ್ತೆಹಾಲು ಕುಡಿಸಿದರೂ ಉಳಿಯಲಿಲ್ಲ.

ದಾನಮ್ಮನನ್ನೂ ಜೊತೆಗೆ ಕರೆದೊಯ್ದೆ.

"ಹುಟ್ಟಿ ಒಂದೂವರೆ ತಿಂಗಳಾಗೋವರೆಗೂ ಮಗೂಗೆ ಈ ಸೂಜಿ ಹಾಕಲ್ಲ ಅಜ್ಜಿ," ಎಂದಳು ನರ್ಸ್, ದಾನಮ್ಮನಿಗೆ. "ಈಗ ಅಮ್ಮನಿಗೆ ಹಾಕಿದ್ರೆ, ಅಲ್ಲೀವರೆಗೂ ಅವಳ ರಕ್ತದಿಂದ ಹೋದ ಶಕ್ತೀನೇ ಮಗೂನ ಕಾಯುತ್ತೆ."

ನನಗೆ ಮೈ ಜುಮ್ಮೆಂದಿತು. ಇನ್ನೂ ಮುಖ ಕಾಣದ ಕೂಸಿಗೆ ತಾಯಿ ಒಳಗಿಂದೊಳಗೇ ಕಾವಲು ಕಳಿಸುತ್ತಾಳಲ್ಲ!

ದಾನಮ್ಮ ಮಗಳ ಹೊಟ್ಟೆಯನ್ನೇ ನೋಡುತ್ತ ನಿಂತರು. ಆಮೇಲೆ ತಾವೇ ಅವಳ ತೋಳು ಹಿಡಿದು, "ಮೆಲ್ಲಕ ಚುಚ್ಚವ್ವಾ," ಎಂದರು.