ಬಿಳಿ ಗೆರೆಯ ಕಲ್ಲು

"ಇನ್ನೂ ಎಷ್ಟು ಹೊತ್ತೋ ಅದು? ಇಷ್ಟೊತ್ತಿಗೆ ನಾನು ಒಂದು ಹೆತ್ತು, ಎದ್ದು ಕೂತಿರ್ತಿದ್ದೆ," ಎಂದು ಕತ್ರೀನಾ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು.

ಗೊಟ್‌ಲೀಬ್ ನಾಲ್ಕನೆಯ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಳಿ ಇಳಿಸುತ್ತಿದ್ದ. ವಾಲ್ವಿಸ್ ಬೇ ಊರಿನ ಡಾಂಬರು ಮುಗಿದು ಮರಳು ಶುರುವಾಗುವ ಕಡೆ ಎಲ್ಲ ಡ್ರೈವರುಗಳೂ ಇಳಿಸುವುದೇ; ತುಂಬಿದ ಚಕ್ರ ಮರಳಲ್ಲಿ ಹೂತುಹೋಗುತ್ತದೆ. ಹತ್ತು ನಿಮಿಷದ ಕೆಲಸ. ಇವತ್ತು ಅರ್ಧ ಗಂಟೆ ಹಿಡಿದಿತ್ತು. ಒಂದೊಂದು ಚಕ್ರಕ್ಕೂ ಎರಡೆರಡು ಸಲ ಮೀಟರು ಹಿಡಿದು ನೋಡಿದ್ದ, ಯಾರೋ ಪರೀಕ್ಷೆಗೆ ಕೂರಿಸಿದ್ದಾರೆ ಅನ್ನುವ ಹಾಗೆ.

"ಆಯ್ತವ್ವ, ಆಯ್ತು. ಅವಸರ ಮಾಡಿದ್ರೆ ಮರಳು ಹಿಡ್ಕೊಂಡುಬಿಡುತ್ತೆ."

"ಮರಳಿನ ವಿಷಯ ನೀನು ನನಗೆ ಹೇಳ್ತೀಯಾ? ಭಲೇ!"

ಹಿಂದಿನ ಸೀಟಿನಲ್ಲಿದ್ದ ಗಂಡ ಹೆಂಡತಿಗೆ ಈ ಮಾತು ತಿಳಿಯಲಿಲ್ಲ. ಅವರು ಪೋರ್ಚುಗಲ್‌ನಿಂದ ಬಂದ ಪ್ರವಾಸಿಗರು, ದುವಾರ್ತೆ ಮತ್ತು ಇನೆಸ್. ಗೊಟ್‌ಲೀಬನ ಹತ್ತಿರ ಇಂಗ್ಲಿಷಿನಲ್ಲಿ ಮಾತು. ಆದರೆ ತಾಯಿ ಮಗನನ್ನು ಗದರಿಸುವ ದನಿ ಯಾವ ದೇಶದಲ್ಲೂ ಒಂದೇ ತಾನೆ, ಇಬ್ಬರೂ ನಕ್ಕರು. ಗೊಟ್‌ಲೀಬನೂ ಹಲ್ಲು ಕಿರಿದ. ಕಣ್ಣು ಮಾತ್ರ ಗಡಿಯಾರದ ಮೇಲೇ ಇತ್ತು.

ದಕ್ಷಿಣಕ್ಕೆ ಹೋದರೆ ಒಂದು ಕಡೆ ಮರಳುಗುಡ್ಡ ನೇರ ಸಮುದ್ರಕ್ಕೇ ಇಳಿಯುತ್ತದೆ. ನಡುವೆ ಒಂದು ಜೀಪು ಹೋಗುವಷ್ಟು ಜಾಗ, ಅದೂ ಇಳಿತದ ಹೊತ್ತಿನಲ್ಲಿ. ಅದನ್ನು ದಾಟಿದರೆ ಕೊಲ್ಲಿ. ಇವತ್ತು ಹನ್ನೆರಡಕ್ಕೆ ಉಬ್ಬರ ಬಂದು ದಾರಿ ಮುಚ್ಚುತ್ತದೆ. ಹನ್ನೊಂದಾದ ಮೇಲೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಹೋದವರ ಎರಡು ಗಾಡಿಗಳು ಇನ್ನೂ ಅಲ್ಲೇ ತುಕ್ಕು ಹಿಡಿಯುತ್ತಿವೆ. ಹೇಗಾದರೂ ಹನ್ನೊಂದು ದಾಟಿಸಿದರೆ ಸಾಕು, ಅವ್ವನಿಗೆ ಸಮುದ್ರವನ್ನು ತೋರಿಸಿ ಕೈಚೆಲ್ಲಬಹುದು ಎಂದು ಗೊಟ್‌ಲೀಬ್ ಲೆಕ್ಕ ಹಾಕಿಕೊಂಡಿದ್ದ.

ಕೊಲ್ಲಿಯಲ್ಲಿ ಅವನ ಅಣ್ಣನ ಗೋರಿ ಇತ್ತು. ಕತ್ರೀನಾಳ ಗಂಡ ಅಲ್ಲಿ ಮೀನು ಒಣಗಿಸುವ ಕೆಲಸಕ್ಕಿದ್ದಾಗ, ಚೊಚ್ಚಲ ಮಗು ಇಸಾಕ್ ಹನ್ನೊಂದು ತಿಂಗಳಿಗೆ ಜ್ವರದಲ್ಲಿ ತೀರಿಕೊಂಡಿತು. ಜೊಂಡಿನ ಹಿಂದೆ, ಗುಡಿಸಲಿನ ಕಂಬಗಳ ಪಕ್ಕ ಮಣ್ಣು ಮಾಡಿದರು. ಕೆಲಸ ಮುಚ್ಚಿತು, ಎಲ್ಲರೂ ಕುಯ್‌ಸೆಬ್ ನದಿಯ ಪಾತ್ರದ ಊರಿಗೆ ವಾಪಸಾದರು. ಆಮೇಲೆ ಆ ಕಡೆಗೆ ಪರವಾನಗಿ ಇದ್ದ ಗಾಡಿಗಳಿಗೆ ಮಾತ್ರ ದಾರಿ. ಗೋರಿಯನ್ನು ಕಂಡವರು ಒಂದು ಕಲ್ಲಿಟ್ಟೇ ಮುಂದೆ ಹೋಗಬೇಕು ಎನ್ನುವುದು ಅವರ ಕಡೆಯ ನಡೆ. ಕೊಲ್ಲಿಯಲ್ಲಿ ಕಲ್ಲು ಎಲ್ಲಿಂದ ಬರಬೇಕು? ಬರೀ ಮರಳು. ಅದಕ್ಕೇ ಮಗನಿಗೆ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಸಿಕ್ಕ ದಿನದಿಂದ ಕತ್ರೀನಾ ನದಿಯಾಚೆಯ ಕಲ್ಲುಬಯಲಿಗೆ ಹೋಗಿ, ವಾರಕ್ಕೊಂದು ಕಲ್ಲು ಆರಿಸಿ, ತೊಳೆದು, ಭಾನುವಾರ ಅವನ ಕೈಗೆ ಕೊಡುತ್ತಿದ್ದಳು. ಎಂಥದಾದರೂ ಆಗುತ್ತಿರಲಿಲ್ಲ. ಕಪ್ಪು ಕಲ್ಲು, ನಡುವೆ ಒಂದು ಬಿಳಿ ಗೆರೆ ಇರಬೇಕು.

"ಇಟ್ಟೆಯಾ?" ಎಂದು ಮುಂದಿನ ಭಾನುವಾರ ಕೇಳುತ್ತಿದ್ದಳು.

"ಇಟ್ಟೆ ಅವ್ವ."

ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ಮೊದಲ ಕಲ್ಲು ಹಿಡಿದು ಹೋದ ದಿನವೇ ಅಲ್ಲಿ ಗೋರಿ ಇರಲಿಲ್ಲ. ಕಂಬ ಇರಲಿಲ್ಲ, ದಂಡೆಯೇ ಇರಲಿಲ್ಲ. ಸಮುದ್ರ ಒಳಗೆ ನುಗ್ಗಿ ಅಷ್ಟನ್ನೂ ಎಳೆದುಕೊಂಡು ಹೋಗಿತ್ತು. ಗೊಟ್‌ಲೀಬ್ ಆ ಕಲ್ಲನ್ನು ನೀರಿಗೆ ಎಸೆಯಲಾರದೆ, ಮನೆಗೆ ತರಲಾರದೆ, ವಾಪಸು ಬರುವಾಗ ಇಕ್ಕಟ್ಟಿನ ದಾರಿಯ ಈಚೆ ಗಟ್ಟಿ ನೆಲದಲ್ಲಿ ಇಟ್ಟುಬಂದ. ಇವತ್ತೊಂದು ದಿನ, ಬರುವ ಭಾನುವಾರ ಹೇಳಿಬಿಡೋಣ ಅಂದುಕೊಂಡ. ಆ ಭಾನುವಾರ ಅವ್ವ ಬಾಗಿಲಲ್ಲೇ ಕಾದಿದ್ದಳು, ಮುಖ ತೊಳೆದು, ಒಳ್ಳೆಯ ತಲೆವಸ್ತ್ರ ಕಟ್ಟಿಕೊಂಡು. ಹೇಳಲಾಗಲಿಲ್ಲ; ಆ ವಾರದ ಕಲ್ಲೂ, ಆಮೇಲಿನವೂ ಅದೇ ಗಟ್ಟಿ ನೆಲಕ್ಕೆ ಸೇರಿ ಗುಡ್ಡೆಯಾದವು.

"ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗೋ" ಅಂದಾಗಲೆಲ್ಲ ಸೀಟಿಲ್ಲ, ಗಾಳಿ ಜಾಸ್ತಿ, ಉಬ್ಬರ ಸರಿಯಿಲ್ಲ ಎಂದು ಜಾರಿಕೊಂಡಿದ್ದ. ಆದರೆ ಮೊನ್ನೆ ಆಸ್ಪತ್ರೆಗೆಂದು ವಾಲ್ವಿಸ್ ಬೇಗೆ ಬಂದ ಕತ್ರೀನಾ, ಜೀಪುಗಳ ಒಡತಿ ಉರ್ಸುಲಾ ಅಮ್ಮನ ಆಫೀಸಿನಲ್ಲಿ ಚಹ ಕುಡಿಯುತ್ತ ಈ ಮಾತು ಎತ್ತಿದಳು. ಉರ್ಸುಲಾ ಅಮ್ಮ ಗೊಟ್‌ಲೀಬನನ್ನು ಕರೆದು, "ನಾಚಿಕೆ ಆಗಲ್ವೇನಯ್ಯ? ಊರವರಿಗೆಲ್ಲ ತೋರಿಸ್ತೀಯ, ಹೆತ್ತ ತಾಯಿಗೆ ತೋರಿಸಿಲ್ಲ! ಗುರುವಾರ ಎರಡು ಸೀಟು ಖಾಲಿ ಇದೆ, ಕೂರಿಸ್ಕೊಂಡು ಹೋಗು," ಎಂದು ಎಲ್ಲರೆದುರೇ ಉಗಿದಳು. ಅಲ್ಲಿಗೆ ಮುಗಿಯಿತು.

ಮಂಜು ಇನ್ನೂ ಕರಗಿರಲಿಲ್ಲ. ಉಪ್ಪಿನ ಮಡಿಗಳ ಹತ್ತಿರ ರಾಜಹಂಸಗಳು ನಿಂತಿದ್ದವು. ಯಾವಾಗಲೂ ಐದು ನಿಮಿಷ ನಿಲ್ಲಿಸುವವನು ಇವತ್ತು ಅವುಗಳ ಕೊಕ್ಕು, ಕಾಲು, ಬಣ್ಣ ಹೇಗೆ ಬರುತ್ತದೆ, ಮೊಟ್ಟೆ ಎಲ್ಲಿಡುತ್ತವೆ ಎಂದು ಪುರಾಣ ಬಿಚ್ಚಿದ. ಮುಂದೆ ದಡದಲ್ಲಿ ಸತ್ತುಬಿದ್ದ ಸೀಲ್ ಪ್ರಾಣಿಯ ಹತ್ತಿರ ನರಿಯೊಂದು ಕಂಡಿತು. ಅದು ತಿಂದು ಮುಗಿಸಿ ಬಾಯಿ ಒರೆಸಿಕೊಂಡು ಹೋಗುವವರೆಗೂ ಜೀಪು ಕದಲಲಿಲ್ಲ. ಕೆಂಪು ಮರಳನ್ನು ಅಂಗೈಯಲ್ಲಿ ಹಾಕಿ ತೋರಿಸಿದ, ಅಯಸ್ಕಾಂತಕ್ಕೆ ಕರಿಮರಳು ಅಂಟುವುದನ್ನು ತೋರಿಸಿದ. ದುವಾರ್ತೆಗೆ ಖುಷಿಯೋ ಖುಷಿ. ಇಂಥ ಗೈಡು ಎಲ್ಲೂ ಸಿಕ್ಕಿಲ್ಲ ಎಂದು ಹೆಂಡತಿಗೆ ಹೇಳಿದ.

ಕತ್ರೀನಾ ಮಡಿಲಿನಲ್ಲಿ ಒಂದು ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದಳು. ಅದರಲ್ಲಿ ಈ ವಾರದ ಕಲ್ಲು. ಜೇಬಿನಿಂದ ಹುರಿದ ನಾರಾ ಬೀಜ ತೆಗೆದು ಇನೆಸಳ ಕೈಗೆ ಸುರಿದಳು. ಮರಳಲ್ಲೇ ಬೆಳೆಯುವ ಮುಳ್ಳುಹಣ್ಣಿನ ಬೀಜ ಅದು, ಅವಳೇ ಕುದಿಸಿ ತೆಗೆದದ್ದು.

"ತಿನ್ನು ಮಗಳೇ. ಸಿಪ್ಪೆ ಉಗಿ. ಏ, ಹೇಳೋ ಅವಳಿಗೆ, ಸಿಪ್ಪೆ ನುಂಗ್ತಿದಾಳೆ!"

ಗೊಟ್‌ಲೀಬ್ ಹೇಳಿದ. ಇನೆಸ್ ನಗುತ್ತ ಉಗಿದಳು. ಆಮೇಲೆ, "ನಿಮ್ಮ ತಾಯಿ ಯಾಕೆ ಬಂದಿದ್ದಾರೆ?" ಎಂದು ಕೇಳಿದಳು.

"ಹಾಗೇ, ಸುಮ್ನೆ. ಗಾಳಿ ಸವಾರಿ," ಎಂದ ಗೊಟ್‌ಲೀಬ್.

"ಏನಂತೆ?" ಎಂದಳು ಕತ್ರೀನಾ.

"ಬೀಜ ಚೆನ್ನಾಗಿದೆಯಂತೆ."

ಗಡಿಯಾರ ಹತ್ತೂ ಮುಕ್ಕಾಲು. ಇನ್ನು ಕಾಲು ಗಂಟೆ. ಗೊಟ್‌ಲೀಬ್ ಜೀಪನ್ನು ನೀರಿನಂಚಿಗೆ ಇಳಿಸಿದ. ಕಲ್ಲಿನ ಗುಡ್ಡೆ ಎಡಕ್ಕೆ, ಸ್ವಲ್ಪ ಮೇಲಿತ್ತು. ಹೀಗೆ ಹೋದರೆ ಕಾಣುವುದಿಲ್ಲ. ಅಷ್ಟರಲ್ಲಿ ದುವಾರ್ತೆ ಹಿಂದಿನಿಂದ ಅವನ ಭುಜ ತಟ್ಟಿದ.

"ನಿಲ್ಲಿಸಿ, ನಿಲ್ಲಿಸಿ! ಅದೇ ಅಲ್ವಾ ರಾಜನ ಗೋರಿ? ಹೋಟೆಲಿನಲ್ಲಿ ಒಬ್ಬರು ಫೋಟೋ ತೋರಿಸಿದ್ರು. ಅವರ ಗೈಡು ಹೇಳಿದ್ರಂತೆ, ಸಾವಿರ ವರ್ಷ ಹಳೇದು, ಒಂದೊಂದು ಬಿಳಿ ಗೆರೆಗೂ ಒಂದೊಂದು ಯುದ್ಧ ಅಂತ."

ಬೇರೆ ಡ್ರೈವರುಗಳ ಕಿತಾಪತಿ ಇದು. ಕಲ್ಲೇ ಇಲ್ಲದ ಕಡೆ ಸೊಂಟದೆತ್ತರ ಕಲ್ಲು ಬಿದ್ದಿದ್ದರೆ ಜನ ಕೇಳುತ್ತಾರೆ, ಕೇಳಿದರೆ ಏನಾದರೂ ಹೇಳಬೇಕಲ್ಲ. ಗೊಟ್‌ಲೀಬ್ ಅದನ್ನು ಕೇಳಿಸಿಕೊಂಡೂ ಎಷ್ಟೋ ಸಲ ಸುಮ್ಮನಿದ್ದ. ಈಗ ಏನನ್ನೋ ತೊದಲಿದ. ಆದರೆ ದುವಾರ್ತೆಯ ಬೆರಳು ತೋರಿಸಿದ ಕಡೆ ಕತ್ರೀನಾ ಆಗಲೇ ನೋಡಿಯಾಗಿತ್ತು.

"ನಿಲ್ಸು," ಎಂದಳು.

"ಅವ್ವ, ನೀರು ಏರ್ತಿದೆ..."

"ನಿಲ್ಸು ಅಂದೆ."

ಎಂಬತ್ತರ ಮುದುಕಿ ಯಾರ ಕೈಯನ್ನೂ ಹಿಡಿಯದೆ ಇಳಿದಳು. ಗುಡ್ಡೆಯ ಹತ್ತಿರ ಹೋಗಿ ಒಂದು ಕಲ್ಲು ಎತ್ತಿ, ಹೆಬ್ಬೆರಳಿನಿಂದ ಗೆರೆ ಸವರಿ, ಇಟ್ಟಳು. ಇನ್ನೊಂದು ಎತ್ತಿದಳು. ತನ್ನ ಮನೆಯ ಪಾತ್ರೆ ಗುರುತು ಹಿಡಿದ ಹಾಗೆ ಒಂದೊಂದನ್ನೂ ಗುರುತು ಹಿಡಿದಳು. ಕೆಳಗಿನವನ್ನು ಮರಳು ಮುಚ್ಚದ ಹಾಗೆ ಯಾರೋ ಆಗಾಗ ತೋಡಿ ಬಿಡಿಸಿದ್ದೂ ಕಾಣುತ್ತಿತ್ತು. ದುವಾರ್ತೆ ಕ್ಯಾಮರಾ ಎತ್ತಿದ. ಇನೆಸ್ ಅವನ ಮೊಣಕೈ ಹಿಡಿದು ಕೆಳಗಿಳಿಸಿದಳು.

"ಆತ ಏನೋ ಹೇಳ್ತಿದ್ದನಲ್ಲ, ಏನಂತೆ ಇದು?" ಎಂದು ಕತ್ರೀನಾ ಕೇಳಿದಳು.

"ಯಾವುದೋ ರಾಜನ ಗೋರಿಯಂತೆ."

"ರಾಜ." ಅವಳು ಸಮುದ್ರ ನೋಡಿದಳು, ಹಿಂದಿನ ಗುಡ್ಡ ನೋಡಿದಳು. "ನಾನು ಮಗೂನ ಜೊಂಡಿನ ಹಿಂದೆ ಮಲಗಿಸಿದ್ದು ಗೊಟ್‌ಲೀಬ್. ಅಲ್ಲಿ ಸಿಹಿನೀರಿನ ಊಟೆ ಇತ್ತು. ಇಲ್ಲಿ ಜೊಂಡೆಲ್ಲಿದೆ?"

ಅವನಿಗೆ ಇನ್ನು ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ. "ಸಮುದ್ರ ತಗೊಂಡುಹೋಗಿದೆ ಅವ್ವ," ಎಂದ. "ನಾನು ಮೊದಲನೇ ಸಲ ಹೋದಾಗಲೇ ಇರ್ಲಿಲ್ಲ. ಏನೂ ಇರ್ಲಿಲ್ಲ."

"ಹನ್ನೊಂದು ವರ್ಷ."

"ಹೇಳ್ಬೇಕು ಅಂತಾನೇ ಪ್ರತಿ ಸಲ..."

"ಹನ್ನೊಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲೋ! ಬಿಸಿಲಲ್ಲಿ ಆ ಬಯಲು ಸುತ್ತಿ, ಬಗ್ಗಿ ಬಗ್ಗಿ ಆರಿಸಿದೀನಿ. ಮಗೂಗೆ ಹೊದಿಸ್ತಿದೀನಿ ಅಂದ್ಕೊಂಡಿದ್ನಲ್ಲೋ. ಬರೀ ನೆಲಕ್ಕೆ ಹೊದಿಸಿದೆಯಾ?" ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಗೊಟ್‌ಲೀಬ್ ಹತ್ತಿರ ಬಂದರೆ ಕೈಯಿಂದ ದೂರ ತಳ್ಳಿದಳು. ಐವತ್ತೆರಡರ ಗಂಡಸು, ಮೊಮ್ಮಕ್ಕಳನ್ನು ಕಂಡವನು, ಪ್ರವಾಸಿಗರ ಮುಂದೆ ಬಿಕ್ಕಿ ಬಿಕ್ಕಿ ಅತ್ತ.

ಸ್ವಲ್ಪ ಹೊತ್ತಿಗೆ ಕತ್ರೀನಾ ಮುಖ ಒರೆಸಿಕೊಂಡಳು. "ದಾರಿ ತೆರೆದಿದೆಯಾ?"

ಗೊಟ್‌ಲೀಬ್ ಗಡಿಯಾರ ನೋಡಿದ. ಹನ್ನೊಂದಕ್ಕೆ ನಾಲ್ಕು ನಿಮಿಷ. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

"ತೆರೆದಿದೆ," ಎಂದ.

"ಹಾಗಾದ್ರೆ ನಡಿ. ನಾನೂ ನೋಡಬೇಕು."

ಎಡಕ್ಕೆ ಮರಳಿನ ಗೋಡೆ, ಬಲಕ್ಕೆ ಅಲೆ. ನೊರೆ ಚಕ್ರದವರೆಗೂ ಬಂದು ಹೋಗುತ್ತಿತ್ತು. ಕೊಲ್ಲಿಯಲ್ಲಿ ಮಂಜು ಕರಗಿ ಬಿಸಿಲು ಬಿದ್ದಿತ್ತು, ಹಕ್ಕಿಗಳು ಸಾವಿರಗಟ್ಟಲೆ ಕೂತಿದ್ದವು. ಕತ್ರೀನಾ ಇಳಿದು ಅತ್ತ ಇತ್ತ ಓಡಾಡಲಿಲ್ಲ. ಗುಡ್ಡದ ಎರಡು ತುದಿಗಳನ್ನು ಕಣ್ಣಲ್ಲೇ ಕೂಡಿಸಿ, ಹತ್ತು ಹೆಜ್ಜೆ ನಡೆದು, ನಿಂತು, ಬೆರಳು ಮಾಡಿ ತೋರಿಸಿದಳು. ಅಲ್ಲಿ ನೀರು. ಒಂದು ನೀರುಕಾಗೆ ಮುಳುಗಿ ಎದ್ದಿತು.

"ಅಲ್ಲಿ," ಎಂದಳು.

"ಹೌದು ಅವ್ವ, ಅಲ್ಲೇ."

ಉಳಿದಿದ್ದ ಅಷ್ಟಿಷ್ಟು ಜೊಂಡಿನ ಬುಡದಲ್ಲಿ ಬಗ್ಗಿ ಮರಳು ಕೆದಕಿದಳು. ಗುಳಿಯಲ್ಲಿ ನೀರು ಒಸರಿತು. ಬೊಗಸೆಯಲ್ಲಿ ಎತ್ತಿ ಕುಡಿದು, "ಇನ್ನೂ ಸಿಹಿಯಾಗೇ ಇದೆ," ಎಂದಳು. ಬೊಗಸೆಯಲ್ಲಿ ಉಳಿದಿದ್ದನ್ನು ಕೊಲ್ಲಿಯ ಕಡೆಗೆ ಚೆಲ್ಲಿದಳು. ಗಂಟನ್ನು ಮಾತ್ರ ಬಿಚ್ಚಲಿಲ್ಲ. ಅವಳು ಕಲ್ಲನ್ನು ನೀರಿಗೆ ಹಾಕುತ್ತಾಳೆ ಎಂದು ಗೊಟ್‌ಲೀಬ್ ಕಾದಿದ್ದ. ಹಾಕಲಿಲ್ಲ.

ವಾಪಸು ಬರುವಾಗ ಅಲೆ ಬಾಗಿಲಿಗೇ ಬಡಿಯಿತು. ಇಕ್ಕಟ್ಟು ದಾಟಿದ ಮೇಲೆ ದಿನವೂ ಮಾಡುವ ಹಾಗೆ ಗೊಟ್‌ಲೀಬ್ ಮೇಜು ಬಿಡಿಸಿ ಸಿಂಪಿ ಮಾಂಸ, ಬ್ರೆಡ್ಡು, ನಿಂಬೆಹಣ್ಣು ಇಟ್ಟ. ಇನೆಸ್ ಏನನ್ನೂ ಕೇಳದೆ ಮುದುಕಿಗೆ ಬ್ರೆಡ್ಡಿನ ತುಂಡು ಮುರಿದುಕೊಟ್ಟಳು. ದುವಾರ್ತೆ ಮೆಲ್ಲಗೆ, "ಅದು ರಾಜನ ಗೋರಿ ಅಲ್ಲ, ಅಲ್ವಾ?" ಎಂದ.

"ಅಲ್ಲ," ಎಂದ ಗೊಟ್‌ಲೀಬ್. "ನಮ್ಮಣ್ಣಂದು."

ಹಾಗೆಂದದ್ದು ಸುಳ್ಳೋ ನಿಜವೋ ಅವನಿಗೇ ತಿಳಿಯಲಿಲ್ಲ.

ಕತ್ರೀನಾ ಎದ್ದು ಗುಡ್ಡೆಯ ಕಡೆಗೆ ಹೊರಟಳು. ಈ ಸಲ ಮಗನ ತೋಳು ಹಿಡಿದುಕೊಂಡಳು. ಗುಡ್ಡೆಯ ಮುಂದೆ ನಿಂತು, ಆಚೆಯ ಕೊಲ್ಲಿಯ ದಿಕ್ಕಿಗೊಮ್ಮೆ, ಈಚೆಯ ತಮ್ಮೂರಿನ ದಿಕ್ಕಿಗೊಮ್ಮೆ ನೋಡಿದಳು.

"ಅಲ್ಲಿಂದ ಇಲ್ಲಿಗೆ ಎಷ್ಟು ದೂರ?"

"ನಾಲ್ಕು ಕಿಲೋಮೀಟರ್ ಅವ್ವ."

"ಅವನಿಗೆ ನಡೆಯೋಕೆ ಬರ್ತಿರ್ಲಿಲ್ಲ," ಎಂದಳು. "ಗೋಡೆ ಹಿಡ್ಕೊಂಡು ನಿಲ್ತಿದ್ದ, ಅಷ್ಟೇ. ಹೆಜ್ಜೆ ಇಡೋ ಮುಂಚೆ ಹೋದ." ಗಂಟು ಬಿಚ್ಚಿ ಕಲ್ಲು ತೆಗೆದಳು. "ನಾಲ್ಕು ಕಿಲೋಮೀಟರ್ ಬಂದಿದಾನೆ ನೋಡು."

ಅವಳು ಕಲ್ಲನ್ನು ಗುಡ್ಡೆಯ ಮೇಲೆ ಇಡಲಿಲ್ಲ. ಗುಡ್ಡೆಯನ್ನು ಬಳಸಿ ಈಚೆ ಬಂದು, ಊರಿನ ಕಡೆಗೆ ಎರಡು ಹೆಜ್ಜೆ ಇಟ್ಟು, ಬಗ್ಗಿ, ಬರಿ ಮರಳಿನ ಮೇಲೆ ಇಟ್ಟಳು. ಅಲುಗದ ಹಾಗೆ ಅಂಗೈಯಿಂದ ಒತ್ತಿದಳು.

"ಮುಂದಿನ ವಾರದ್ದನ್ನ ಇನ್ನೂ ಎರಡು ಹೆಜ್ಜೆ ಈಚೆ ಇಡು," ಎಂದಳು. "ಅವಸರ ಮಾಡಬೇಡ. ಚಿಕ್ಕ ಕಾಲು."

ಜೀಪು ಹೊರಟಿತು. ಅವಳು ಏನಂದಳು ಎಂದು ಇನೆಸ್ ಹಿಂದಿನಿಂದ ಕೇಳಿದಳು. ಗೊಟ್‌ಲೀಬನ ಕಣ್ಣು ಕನ್ನಡಿಯಲ್ಲಿತ್ತು. ಗುಡ್ಡೆ ಈ ಕಡೆ ಇನ್ನೂ ಕರಗದ ಮಂಜಿನಲ್ಲಿ ಮಸುಕಾಗುತ್ತಿತ್ತು. ಅದರ ಮುಂದೆ, ಇವರ ಕಡೆಗೆ, ಒಂಟಿ ಕಲ್ಲಿನ ಬಿಳಿ ಗೆರೆ ಇನ್ನೂ ಕಾಣುತ್ತಿತ್ತು. ಅವನು ಗಾಡಿಯನ್ನು ಆದಷ್ಟು ನಿಧಾನವಾಗಿ ಬಿಟ್ಟ.